ಗೋಡೆಯೊಳಗೆ ಸಿಕ್ಕಿಬಿದ್ದ ನೀರು

ಮೊದಲು ತಕರಾರು ತೆಗೆದವರು ಬಣ್ಣ ಬಳಿಯುವವರು. 1930ರ ದಶಕದಲ್ಲಿ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮನೆಗಳ ಹೊರಹಲಗೆಗೆ ಬಳಿದ ಬಣ್ಣ ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಹಪ್ಪಳದಂತೆ ಸುಲಿದು ಬರತೊಡಗಿತು. ಎಲ್ಲ ಮನೆಗಳಲ್ಲಲ್ಲ, ಚಳಿ ತಡೆಯಲೆಂದು ಗೋಡೆಯ ಟೊಳ್ಳಿನೊಳಗೆ ಹೊಸದಾಗಿ ಉಣ್ಣೆಯಂಥ ಶಾಖನಿರೋಧಕ ತುಂಬಿಸಿಕೊಂಡ ಮನೆಗಳಲ್ಲಿ. ಈ ವಸ್ತು ನೀರನ್ನು ಎಳೆದುಕೊಳ್ಳುತ್ತದೆ ಎಂದು ಪೇಂಟರುಗಳು ತೀರ್ಮಾನಿಸಿದರು. ಅಂಥ ಮನೆಯ ಕೆಲಸವೇ ಬೇಡ ಎಂದು ಕೈಮುಗಿದವರೂ ಇದ್ದರು. ನಿರೋಧಕ ತಯಾರಿಸುವವರು ಇದನ್ನು ಒಪ್ಪುತ್ತಾರೆಯೇ? ತಪ್ಪು ನಮ್ಮ ಸರಕಿನದಲ್ಲ, ಮನೆಯೊಳಗಿನ ಆವಿಯದು ಎಂದರು.

ಈ ಜಗಳದಿಂದ ಹುಟ್ಟಿದ್ದು ಒಂದು ಶಾಸ್ತ್ರ. ಗೋಡೆಯೊಳಗೆ ನೀರು ಹೇಗೆ ಸೇರುತ್ತದೆ, ಎಲ್ಲಿ ನಿಲ್ಲುತ್ತದೆ, ಹೇಗೆ ಹೊರಗೆ ಹೋಗುತ್ತದೆ ಎಂಬುದೇ ಅದರ ವಿಷಯ. ಅದರ ತೊಂಬತ್ತು ವರ್ಷಗಳ ನಡೆಯನ್ನು ನೋಡಿದರೆ ನನಗೆ ಕಾಣುವುದು ಇದು: ಅರ್ಧಕ್ಕಿಂತ ಹೆಚ್ಚು ಕಾಲ ಅದು ನೀರನ್ನು ತಡೆಯುವ ಉಪಾಯಗಳಲ್ಲೇ ಮುಳುಗಿತ್ತು. ಒಳಗೆ ಬಂದುಬಿಟ್ಟ ನೀರಿನ ಗತಿಯೇನು ಎಂಬ ಪ್ರಶ್ನೆಯನ್ನು ಅದರ ಮುಂದೆ ಇಟ್ಟದ್ದು ಕೊಳೆತ ಮನೆಗಳು.

ನಮಗೆ ಗೋಡೆ ಎಂದರೆ ಮಣ್ಣು, ಜಂಬಿಟ್ಟಿಗೆ, ಇಟ್ಟಿಗೆ, ತುಂಬಿದ ಮೈ. ಉತ್ತರ ಅಮೆರಿಕದ ಮನೆಯ ಗೋಡೆ ಹಾಗಲ್ಲ. 1830ರ ದಶಕದಲ್ಲಿ ಶಿಕಾಗೊದಲ್ಲಿ ಹೊಸ ಬಗೆಯ ಕಟ್ಟಡ ಬಂತು. ದಪ್ಪ ತೊಲೆಗಳನ್ನು ಕೆತ್ತಿ ಕೂಡಿಸುವ ಬಡಗಿಯ ಜಾಣ್ಮೆ ಬೇಡ. ಕೊಯ್ದ ತೆಳು ಮರದ ಪಟ್ಟಿಗಳನ್ನು ಅಡಿಗೊಂದರಂತೆ ಒಂದೂವರೆ ಅಡಿಗೊಂದರಂತೆ ನಿಲ್ಲಿಸಿ ಮೊಳೆ ಹೊಡೆದರಾಯಿತು. ಬಲೂನಿನಂತೆ ಹಗುರವೆಂದು ಗೇಲಿ ಮಾಡಿಯೇ ಅದಕ್ಕೆ 'ಬಲೂನ್ ಫ್ರೇಮ್' ಎಂದು ಹೆಸರಿಟ್ಟರು ಎನ್ನುತ್ತಾರೆ. ಈ ನಿಲುವು ಪಟ್ಟಿಗಳೇ ಸ್ಟಡ್‌ಗಳು. ಅವುಗಳ ಹೊರಮೈಗೆ ಹಲಗೆ, ಒಳಮೈಗೆ ಮರದ ಸೀಳುಗಳ ಮೇಲೆ ಗಾರೆ, ನಡುವೆ ಬರಿಯ ಟೊಳ್ಳು. ಗಾಳಿ ಬೀಸಿದರೆ ಗೋಡೆಯೊಳಗೇ ನುಗ್ಗಿ ಹೋಗುತ್ತಿತ್ತು. ಮನೆಯ ಸೌದೆಯೋ ಕಲ್ಲಿದ್ದಲೋ ಧಾರಾಳವಾಗಿ ಉರಿಯುತ್ತಿತ್ತು, ಅರ್ಧ ಶಾಖ ಗೋಡೆಯ ಮೂಲಕ ಪೋಲಾಗುತ್ತಿತ್ತು. ಮಳೆ ನೀರು ಒಂದಿಷ್ಟು ಒಳಗೆ ಹೋದರೂ ಆ ಪೋಲಾದ ಶಾಖ, ಆ ನುಗ್ಗುವ ಗಾಳಿ ಅದನ್ನು ಒಣಗಿಸಿಬಿಡುತ್ತಿದ್ದವು. ಟೊಳ್ಳಿಗೆ ನಿರೋಧಕ ತುಂಬಿದ ದಿನ ಈ ಉಚಿತ ಸೇವೆ ನಿಂತಿತು.

ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದ ಎಲ್. ವಿ. ಟೀಸ್‌ಡೇಲ್ 1937ರಲ್ಲಿ ಗೋಡೆ ಮತ್ತು ಅಟ್ಟಗಳಲ್ಲಿ ಆವಿ ನೀರಾಗುವ ಬಗ್ಗೆ ಬರೆದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿ ಗೋಡೆಯ ಮಾದರಿಗಳನ್ನು ಕೃತಕ ಚಳಿಯಲ್ಲಿ ಇಟ್ಟು ಅಳತೆ ಮಾಡಿದರು. ಅವರ ವಿವರಣೆ ನಮಗೆ ಹೊಸದೇನಲ್ಲ. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆಯ ಮೈ ಬೆವರುವುದು ಒಳಗಿನ ನೀರು ಜಿನುಗಿಯಲ್ಲ, ಸುತ್ತಲಿನ ಗಾಳಿಯ ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುವುದರಿಂದ. ಚಳಿಗಾಲದ ಮನೆಯಲ್ಲಿ ಅಡುಗೆ, ಸ್ನಾನ, ಉಸಿರು, ಒಣಹಾಕಿದ ಬಟ್ಟೆ ಎಲ್ಲ ಸೇರಿ ನಾಲ್ಕು ಜನರ ಸಂಸಾರ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ. (ಟೊರಾಂಟೊದಲ್ಲಿ ಇಡ್ಲಿ ಬೇಯಿಸುವ ನಮ್ಮವರ ಲೆಕ್ಕ ಇನ್ನೂ ತುಸು ಮೇಲಿದ್ದರೆ ಆಶ್ಚರ್ಯವಿಲ್ಲ.) ಆ ಆವಿ ಗೋಡೆಯ ಮೂಲಕ ಹೊರಗೆ ಹಾಯುವಾಗ ನಿರೋಧಕದ ಆಚೆಗಿರುವ ಹೊರಹಲಗೆಯೇ ತಂಬಿಗೆ. ನಿರೋಧಕ ಚೆನ್ನಾಗಿದ್ದಷ್ಟೂ ಆ ಹಲಗೆ ಹೆಚ್ಚು ತಣ್ಣಗೆ, ತಣ್ಣಗಾದಷ್ಟೂ ಹೆಚ್ಚು ಒದ್ದೆ. ಈ ಇತಿಹಾಸವನ್ನು ಕಾಗದಪತ್ರ ಕೆದಕಿ ಬರೆದ ಇಲಿನಾಯ್‌ನ ವಿಲಿಯಂ ರೋಸ್ ಅವರನ್ನು ಓದಿದರೆ ಪೇಂಟರುಗಳ ಮೇಲೆ ಗೌರವ ಮೂಡುತ್ತದೆ. ಅವರು ಕೊಟ್ಟ ಕಾರಣ ಸರಿಯಿರಲಿಲ್ಲ, ಕಣ್ಣಿಗೆ ಕಂಡದ್ದು ಸರಿಯಿತ್ತು.

ಔಷಧಿ ಬೇಗ ಸಿಕ್ಕಿತು: ಬೆಚ್ಚಗಿನ ಬದಿಯಲ್ಲಿ, ಎಂದರೆ ಒಳಗಡೆ, ಆವಿ ಹಾಯದ ಒಂದು ಪದರ ಹಾಕಿ. 1938ರಲ್ಲಿ ಟೈಲರ್ ರೋಜರ್ಸ್ ಎಂಬ ವಾಸ್ತುಶಿಲ್ಪಿ ಇದನ್ನು ವೃತ್ತಿಪತ್ರಿಕೆಯಲ್ಲಿ ಬರೆದು ದೇಶಕ್ಕೆಲ್ಲ ತಿಳಿಸಿದರು. 1940ರ ದಶಕದಲ್ಲಿ ಅದು ನಿಯಮವಾಯಿತು. ಅಟ್ಟಕ್ಕೆ ಅದರ ವಿಸ್ತೀರ್ಣದ 300ರಲ್ಲಿ ಒಂದು ಪಾಲು ಗಾಳಿಕಿಂಡಿ ಬೇಕು ಎಂಬ ಲೆಕ್ಕವೂ ಆಗಲೇ ನಿಯಮಪುಸ್ತಕ ಸೇರಿ ಇವತ್ತಿನವರೆಗೂ ಅಲ್ಲೇ ಉಳಿದಿದೆ. ಆವಿ ಹಾಯುವುದನ್ನು ಅಳೆಯಲು 'ಪರ್ಮ್' ಎಂಬ ಮಾನ ಬಂತು. ಒಂದು ಚದರಡಿಯಲ್ಲಿ, ಪಾದರಸದ ಒಂದಂಗುಲದಷ್ಟು ಆವಿಯೊತ್ತಡದ ಅಂತರಕ್ಕೆ, ಗಂಟೆಗೆ ಒಂದು ಗ್ರೇನ್ ನೀರು ಹಾಯ್ದರೆ ಒಂದು ಪರ್ಮ್. ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ಒಂದು ಪರ್ಮ್‌ಗಿಂತ ಕಡಿಮೆ ಇರಬೇಕು ಎನ್ನುವುದು ರೂಢಿಯಾಯಿತು. ಪಾಲಿಥಿನ್ ಹಾಳೆ ಅಗ್ಗವಾಗಿ ಸಿಗತೊಡಗಿದ ಮೇಲಂತೂ ಚಿಂತೆಯೇ ಇಲ್ಲದಾಯಿತು.

ಜರ್ಮನಿಯಲ್ಲಿ ಹೆಲ್ಮುಟ್ ಗ್ಲಾಸರ್ 1958–59ರಲ್ಲಿ ಒಂದು ರೇಖಾಚಿತ್ರದ ವಿಧಾನ ಕೊಟ್ಟರು. ಗೋಡೆಯ ಪದರಗಳನ್ನು ಸಾಲಾಗಿ ಬರೆದು, ಅವುಗಳ ಮೇಲೆ ಎರಡು ಗೆರೆ ಎಳೆದರೆ ಆವಿ ಎಲ್ಲಿ ನೀರಾಗುತ್ತದೆ ಎಂದು ಕಾಗದದ ಮೇಲೇ ತಿಳಿಯುತ್ತಿತ್ತು. ಅದು ಪ್ರಕಟವಾದದ್ದು ಶೈತ್ಯತಂತ್ರದ ಪತ್ರಿಕೆಯಲ್ಲಿ. ಶೀತಲಗೃಹಕ್ಕೆ ಈ ವಿಧಾನ ಸರಿಯೇ, ಅಲ್ಲಿ ವರ್ಷವಿಡೀ ಒಳಗೆ ಚಳಿ, ಹೊರಗೆ ಸೆಖೆ, ದಿಕ್ಕು ಬದಲಾಗುವುದಿಲ್ಲ. ಮನೆಯ ಗೋಡೆಗೆ ಮಳೆ ಹೊಡೆಯುತ್ತದೆ, ಬಿಸಿಲು ಕಾಯಿಸುತ್ತದೆ, ಬೇಸಿಗೆ ಬಂದಾಗ ಆವಿ ಹಿಂದಕ್ಕೆ ತಿರುಗುತ್ತದೆ, ಮರ ನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಇವ್ಯಾವುವೂ ಆ ಎರಡು ಗೆರೆಗಳಲ್ಲಿ ಇರಲಿಲ್ಲ. ಆದರೂ ಗ್ಲಾಸರ್ ವಿಧಾನ ಯುರೋಪಿನ ಮಾನಕಗಳಲ್ಲಿ ನೆಲೆಯೂರಿತು. ಸುಲಭವಾಗಿ ಲೆಕ್ಕಕ್ಕೆ ಸಿಗುವುದೇ ಮುಖ್ಯ ಎಂದು ತೋರಿಬಿಡುವ ಅಪಾಯ ಎಲ್ಲ ಶಾಸ್ತ್ರಗಳಲ್ಲೂ ಇದೆ, ಇಲ್ಲಿ ಅದು ತುಸು ಹೆಚ್ಚೇ ಕೆಲಸ ಮಾಡಿತು.

ಮೊದಲ ದೊಡ್ಡ ತಿದ್ದುಪಡಿ ಕೆನಡಾದಿಂದ ಬಂತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಟ್ಟಡ ವಿಭಾಗ 1960ರಿಂದ ಪುಟ್ಟ ಪುಟ್ಟ ಕೈಹೊತ್ತಗೆಗಳನ್ನು ಹೊರತರತೊಡಗಿತು. ಎಂಜಿನಿಯರಿಂಗ್ ಬರಹ ಇಷ್ಟು ತಿಳಿಯಾಗಿರಬಹುದು ಎಂದು ತೋರಿಸಲು ಇವತ್ತಿಗೂ ಅವನ್ನು ಕೊಡಬಹುದು. ನೀಲ್ ಹಚಿಯಾನ್, ಎ. ಜಿ. ವಿಲ್ಸನ್, ಜೆ. ಕೆ. ಲಟ್ಟಾ ಇವರೆಲ್ಲ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಆವಿ ಗೋಡೆಯ ಮೈಯ ಮೂಲಕ ಜಿನುಗಿ ಹೋಗುವುದು ಸಣ್ಣ ಬಾಬತ್ತು, ಬಿರುಕು, ಸ್ವಿಚ್‌ಬೋರ್ಡಿನ ತೂತು, ಕಿಟಕಿಯ ಸಂದುಗಳಲ್ಲಿ ನುಸುಳುವ ಗಾಳಿ ಹೊತ್ತೊಯ್ಯುವ ಆವಿಯೇ ದೊಡ್ಡದು. ಕಟ್ಟುವವರ ಕೈಪಿಡಿಗಳಲ್ಲಿ ಇದಕ್ಕೊಂದು ಪ್ರಸಿದ್ಧ ಹೋಲಿಕೆಯಿದೆ. ನಾಲ್ಕಡಿ ಎಂಟಡಿಯ ಇಡೀ ಜಿಪ್ಸಂ ಬೋರ್ಡಿನ ಮೂಲಕ ಒಂದು ಚಳಿಗಾಲದಲ್ಲಿ ಜಿನುಗುವ ನೀರು ಲೀಟರಿನ ಮೂರನೇ ಒಂದು ಪಾಲು. ಅದೇ ಬೋರ್ಡಿನಲ್ಲಿ ಒಂದಂಗುಲ ಚದರದ ತೂತಿದ್ದರೆ ಗಾಳಿಯ ಜೊತೆ ಹೋಗುವುದು ಮೂವತ್ತು ಲೀಟರಿನ ಹತ್ತಿರ. ಎರಡು ದಶಕ ಎಲ್ಲರೂ ಕಾವಲು ಕಾದದ್ದು ಗೋಡೆಯ ಮೈಯನ್ನು. ಕಳ್ಳ ಹೋಗುತ್ತಿದ್ದದ್ದು ತೂತಿನಿಂದ. 1985ರಲ್ಲಿ ಅದೇ ಮಂಡಳಿಯ ಕಿರೂಎಟ್ ಎಂಬವರು 'ಆವಿ ತಡೆ ಬೇರೆ, ಗಾಳಿ ತಡೆ ಬೇರೆ' ಎಂದು ಇನ್ನೊಮ್ಮೆ ಬರೆಯಬೇಕಾಯಿತು ಎಂದರೆ ಮೊದಲಿನ ಮಾತು ಎಷ್ಟು ಜನರ ಕಿವಿಗೆ ಬಿದ್ದಿತ್ತು ಎಂದು ಊಹಿಸಬಹುದು.

ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಎಲ್ಲವನ್ನೂ ಬಿಗಿ ಮಾಡಿತ್ತು. ಗೋಡೆಗಳು ದಪ್ಪವಾದವು, ನಿರೋಧಕ ಹೆಚ್ಚಾಯಿತು, ಸಂದುಗಳು ಮುಚ್ಚಿದವು. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಕಟ್ಟಿದ ಸಸ್ಕಾಚೆವಾನ್ ಸಂರಕ್ಷಣಾ ಗೃಹ ಗಾಳಿ ಸೋರದ ಮನೆಯ ಮಾದರಿಯಾಯಿತು. ಅದನ್ನು ಕಟ್ಟಿದವರು ಎಚ್ಚರದಿಂದ ಕಟ್ಟಿದ್ದರು, ಶಾಖವನ್ನು ಉಳಿಸಿಕೊಂಡೇ ಗಾಳಿ ಬದಲಿಸುವ ಯಂತ್ರವನ್ನೂ ಇಟ್ಟಿದ್ದರು. ಎಲ್ಲರೂ ಅಷ್ಟು ಎಚ್ಚರದವರಲ್ಲ. ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಗಾಜಿನುಣ್ಣೆ ತುಂಬಿಸಿಕೊಂಡ ಹೊಸ ಮನೆಗಳ ನೆಲ 1970ರ ದಶಕದ ಕೊನೆಯ ಹೊತ್ತಿಗೆ, ಕಟ್ಟಿದ ಕೆಲವೇ ವರ್ಷಗಳಲ್ಲಿ ಕುಸಿಯತೊಡಗಿತು. ಕೊಳೆಸಿದ ಅಣಬೆಯ ಹೆಸರು ಜಪಾನಿನಲ್ಲಿ 'ನಮಿದತಾಕೆ', ಕಣ್ಣೀರಿನ ಅಣಬೆ. ಮೈಮೇಲೆ ಹನಿಗಳನ್ನು ಸ್ರವಿಸುವ ಈ ಜೀವಿಗೆ ಲ್ಯಾಟಿನ್ ಹೆಸರಿಟ್ಟವರಿಗೂ ಅಳುವೇ ನೆನಪಾಗಿತ್ತು. ಹೊರಹಲಗೆಯ ಹಿಂದೆ ಗಾಳಿ ಆಡಲು ಸಂದು ಬಿಡುವ ಪದ್ಧತಿ ಅಲ್ಲಿ ಬೇರೂರಿದ್ದು ಈ ಪೆಟ್ಟಿನ ನಂತರ.

ಇಷ್ಟು ಹೊತ್ತು ಹೇಳಿದ್ದು ಒಳಗಿನ ಆವಿಯ ಕತೆ. ನಿಜವಾಗಿ ಮನೆಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೆಡವಿದ್ದು ಮಳೆ.

ಮಳೆಯ ಬಗ್ಗೆ ತಿಳಿದಿರಲಿಲ್ಲ ಎಂದು ಹೇಳುವಂತಿಲ್ಲ. ನಾರ್ವೆಯ ಸಂಶೋಧಕ ಎಯ್ವಿಂಡ್ ಬಿರ್ಕೆಲಾನ್ 1962ರಲ್ಲೇ ಬರೆದಿದ್ದರು. ಮರುವರ್ಷ ಕೆನಡಾದ ಜಿ. ಕೆ. ಗಾರ್ಡನ್ ಅದನ್ನು ಒಂದು ಕೈಹೊತ್ತಗೆಯಲ್ಲಿ ಬಿಡಿಸಿ ಹೇಳಿದರು. ನೀರು ಗೋಡೆ ದಾಟಲು ಮೂರು ಬೇಕು: ನೀರು, ತೂತು, ತಳ್ಳುವ ಬಲ. ತೂತುಗಳನ್ನೆಲ್ಲ ಮುಚ್ಚುತ್ತೇನೆಂದು ಹೊರಟವನು ಸೋಲುತ್ತಾನೆ, ಏಕೆಂದರೆ ಮುಚ್ಚಿದ ಅಂಟು ಬಿಸಿಲು ಮಳೆಗೆ ಬಿರಿಯುತ್ತದೆ. ಆದ್ದರಿಂದ ಹೊರಗೊಂದು ಪರದೆ, ಅದರ ಹಿಂದೆ ಗಾಳಿಸಂದು, ಸಂದಿನ ಒಳಬದಿಗೆ ನಿಜವಾದ ಗೋಡೆ. ಪರದೆ ಮಳೆಯ ಹೊಡೆತ ತಿನ್ನುತ್ತದೆ. ಸಂದಿನಲ್ಲಿ ಗಾಳಿಯ ಒತ್ತಡ ಹೊರಗಿನಷ್ಟೇ ಇದ್ದರೆ ಹನಿಯನ್ನು ಒಳಕ್ಕೆ ತಳ್ಳುವುದು ಏನೂ ಉಳಿಯುವುದಿಲ್ಲ. ದಾಟಿ ಬಂದ ಚೂರುಪಾರು ನೀರು ಸಂದಿನಲ್ಲೇ ಕೆಳಗಿಳಿದು ಹೋಗುತ್ತದೆ. ಇದಕ್ಕೆ 'ರೇನ್‌ಸ್ಕ್ರೀನ್' ಎಂಬ ಹೆಸರು ನಿಂತಿತು.

ಮಲೆನಾಡಿನವರು ಇದನ್ನು ಓದಿದರೆ ನಗಬಹುದು. ಮುಂಗಾರಿಗೆ ಮುಂಚೆ ಮಣ್ಣಗೋಡೆಯ ಮುಂದೆ ಅಡಿಕೆ ಸೋಗೆಯ, ತೆಂಗಿನ ಗರಿಯ ತಟ್ಟಿ ಕಟ್ಟುವುದು ಮತ್ತೇನು? ತಟ್ಟಿ ಗೋಡೆಗೆ ಅಂಟಿಕೊಂಡಿರುವುದಿಲ್ಲ, ಅದರಲ್ಲಿ ನೂರು ತೂತು, ಆದರೂ ಗೋಡೆ ನೆನೆಯುವುದಿಲ್ಲ. ಮಳೆಗಾಲ ಮುಗಿದಾಗ ಬಿಚ್ಚಿ ಒಲೆಗೆ ಹಾಕಿದರೆ ದುರಸ್ತಿಯ ಖರ್ಚೂ ಇಲ್ಲ. ನಾರ್ವೆಯ ರೈತರೂ ತಮ್ಮ ಕೊಟ್ಟಿಗೆಗಳಿಗೆ ಸಂದು ಬಿಟ್ಟು ಹಲಗೆ ಹೊಡೆಯುತ್ತಿದ್ದರು.

ಇಷ್ಟಿದ್ದೂ 1980ರ ದಶಕದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎದ್ದ ವಸತಿ ಕಟ್ಟಡಗಳು ಇದಕ್ಕೆ ತೀರ ತದ್ವಿರುದ್ಧವಾಗಿದ್ದವು. ಆಗಿನ ಫ್ಯಾಷನ್ ಬಿಸಿಲುನಾಡಾದ ಕ್ಯಾಲಿಫೋರ್ನಿಯಾದ್ದು: ನುಣುಪು ಗಾರೆಯ ಗೋಡೆ, ಸೂರೇ ಇಲ್ಲದ ಮಾಡು, ಕಮಾನು, ಬಯಲು ಬಾಲ್ಕನಿ. ಗಾರೆಯ ಹಿಂದೆ ಸಂದಿಲ್ಲ. ಹೊರಮೈಯೇ ನೀರಿಗೆ ಏಕೈಕ ಅಡ್ಡಿ. ಒಳಮೈಗೆ ನಿಯಮದಂತೆ ಪಾಲಿಥಿನ್. ನಡುವೆ ಹಳೆಯ ಕಾಲದ ದಪ್ಪ ಹಲಗೆಯ ಬದಲು ಮರದ ಚಕ್ಕೆಗಳನ್ನು ಅಂಟಿಸಿದ ಓಎಸ್‌ಬಿ. ಕಿಟಕಿಯ ಮೂಲೆಯಿಂದ ಇಳಿದ ನೀರು ಅತ್ತ ಹೋಗಲಾರದು, ಇತ್ತ ಹೋಗಲಾರದು. ವ್ಯಾಂಕೂವರ್‌ನ ಮಳೆ ವರ್ಷಕ್ಕೆ 1,200 ಮಿ.ಮೀ. ಆಸುಪಾಸು, ಮಂಗಳೂರಿನ ಮೂರನೇ ಒಂದು ಪಾಲು ಮಾತ್ರ. ಆದರೆ ಅದು ಬೀಳುವುದು ತಿಂಗಳುಗಟ್ಟಲೆ ಜಿಟಿಜಿಟಿಯಾಗಿ, ಬಿಸಿಲಿಲ್ಲದ ಚಳಿಗಾಲದಲ್ಲಿ. ಮರದಲ್ಲಿ ನೀರಿನಂಶ ಅದರ ಒಣತೂಕದ ನೂರಕ್ಕೆ 20ರೊಳಗಿದ್ದರೆ ಭಯವಿಲ್ಲ; 28–30 ದಾಟಿ ನಿಂತರೆ ಕೊಳೆಸುವ ಅಣಬೆಗೆ ಔತಣ. 1990ರ ದಶಕದಲ್ಲಿ ಗಾರೆ ಕಿತ್ತು ನೋಡಿದಾಗ ಕೆಲವೆಡೆ ಸ್ಟಡ್‌ಗಳು ಕೈಯಲ್ಲಿ ಕೆರೆದು ತೆಗೆಯುವಷ್ಟು ಕುಂಬಾಗಿದ್ದವು. 1996ರ ಒಂದು ಸಮೀಕ್ಷೆ ನೀರು ಹೊಕ್ಕದ್ದು ಬಹುಪಾಲು ಕಿಟಕಿ, ಬಾಲ್ಕನಿ, ಗೋಡೆ ಸೇರುವ ಕಡೆಗಳಲ್ಲಿ ಎಂದು ಕಂಡುಕೊಂಡಿತು. ಸೂರು ಅಗಲವಾದಷ್ಟೂ ತೊಂದರೆ ಕಡಿಮೆ ಎಂಬುದೂ ಅದರಲ್ಲಿತ್ತು. ಅದನ್ನು ತಿಳಿಯಲು ಸಮೀಕ್ಷೆ ಬೇಕಾಯಿತಲ್ಲ! 1998ರಲ್ಲಿ ಮಾಜಿ ಪ್ರೀಮಿಯರ್ (ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಡೇವ್ ಬ್ಯಾರೆಟ್ ನೇತೃತ್ವದ ಆಯೋಗ ವಿಚಾರಣೆ ನಡೆಸಿತು. ಸಾಲ ತೆಗೆದು ಫ್ಲ್ಯಾಟ್ ಕೊಂಡ ಎಷ್ಟೋ ಜನ ಕೊಂಡ ಬೆಲೆಗೆ ಹತ್ತಿರದ ಮೊತ್ತವನ್ನೇ ರಿಪೇರಿಗೆ ಸುರಿಯಬೇಕಾಯಿತು. ನೀಲಿ ಟಾರ್ಪಾಲು ಹೊದ್ದ ಕಟ್ಟಡ ಆ ನಗರದ ಗುರುತೇ ಆಗಿಹೋಯಿತು.

ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿ 1995ರ ಸುಮಾರಿಗೆ ಇಂಥದೇ ಪ್ರಕರಣ, ಅಲ್ಲಿ ಥರ್ಮಕೋಲ್ ಮೇಲೆ ತೆಳು ಗಾರೆ ಬಳಿದ ಗೋಡೆಗಳು. ಸ್ವೀಡನ್ನಿನಲ್ಲಿ ಹತ್ತು ಹನ್ನೆರಡು ವರ್ಷ ತಡವಾಗಿ ಅದೇ ಪಾಠ. ಆದರೆ ಎಲ್ಲಕ್ಕಿಂತ ವಿಚಿತ್ರ ನ್ಯೂಜಿಲೆಂಡಿನದು.

ಆ ದೇಶದಲ್ಲಿ ಮನೆಗೆ ಬಳಸುವುದು ಬೇಗ ಬೆಳೆಯುವ ರೇಡಿಯಾಟಾ ಪೈನ್. ಅದಕ್ಕೆ ಮರಕೊರಕ ಹುಳದ ಕಾಟ. ಹಾಗಾಗಿ ದಶಕಗಳಿಂದ ಬೋರಾನ್ ಲವಣ ಊಡಿಸಿದ ಮರವನ್ನೇ ಬಳಸುತ್ತಿದ್ದರು. ಕುಲುಮೆಯಲ್ಲಿ ಚೆನ್ನಾಗಿ ಒಣಗಿಸಿದ ಮರಕ್ಕೆ ಹುಳ ಹತ್ತುವುದಿಲ್ಲ, ಮತ್ತೇಕೆ ರಾಸಾಯನಿಕ ಎಂಬ ವಾದ ಬಂತು. ವಾದ ತಪ್ಪಲ್ಲ. 1990ರ ದಶಕದ ನಡುವೆ ಮಾನಕ ಬದಲಾಯಿತು. ಊಡಿಸದ ಮರ ಗೋಡೆಯೊಳಗೆ ಸೇರಿತು. ಆ ಬೋರಾನ್ ಹುಳದ ಜೊತೆಗೆ ಅಣಬೆಯನ್ನೂ ಸದ್ದಿಲ್ಲದೆ ತಡೆಯುತ್ತಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದೇ ಹೊತ್ತಿಗೆ 1991ರ ಕಟ್ಟಡ ಕಾಯ್ದೆ 'ಹೀಗೇ ಕಟ್ಟಿ' ಎನ್ನುವುದನ್ನು ಬಿಟ್ಟು 'ಫಲ ಹೀಗಿರಬೇಕು' ಎನ್ನತೊಡಗಿತ್ತು, ಮೆಡಿಟರೇನಿಯನ್ ಶೈಲಿಯ ಸೂರಿಲ್ಲದ ಮನೆಗಳು ಅಲ್ಲೂ ಫ್ಯಾಷನ್ನಾಗಿದ್ದವು, ಗಾರೆ ಬಳಿದ ಹಾಳೆಗಳನ್ನು ನೇರವಾಗಿ ಸ್ಟಡ್‌ಗೆ ಹೊಡೆಯುತ್ತಿದ್ದರು. ಒಂದೊಂದೇ ಆಗಿದ್ದರೆ ಗೋಡೆ ತಾಳಿಕೊಳ್ಳುತ್ತಿತ್ತೋ ಏನೋ. 2002ರಲ್ಲಿ ಡಾನ್ ಹನ್ ಸಮಿತಿ ವರದಿ ಕೊಟ್ಟಿತು. 2009ರ ಒಂದು ಅಂದಾಜಿನ ಪ್ರಕಾರ ಕೆಟ್ಟ ಮನೆಗಳು ಸುಮಾರು 42,000, ಖರ್ಚು 1,130 ಕೋಟಿ ನ್ಯೂಜಿಲೆಂಡ್ ಡಾಲರ್. ಊಡಿಸಿದ ಮರ ಮರಳಿ ಬಂತು. ಅಪಾಯ ಹೆಚ್ಚಿರುವ ಮನೆಗಳಲ್ಲಿ ಹೊರಹಾಳೆಯ ಹಿಂದೆ ರೀಪು ಹೊಡೆದು 20 ಮಿ.ಮೀ. ಸಂದು ಬಿಡುವುದು ರೂಢಿಯಾಯಿತು. ಗಾಳಿಗೆ ಎಷ್ಟು ಬಯಲಾಗಿದೆ, ಎಷ್ಟು ಅಂತಸ್ತು, ಸೂರು ಎಷ್ಟು ಅಗಲ ಎಂದು ಅಂಕ ಕೊಟ್ಟು ಕೂಡಿಸಿ ಮನೆಯ ಅಪಾಯ ಅಳೆಯುವ ಕೋಷ್ಟಕವನ್ನೂ ಮಾಡಿದರು. ನನಗೆ ಈ ಕೋಷ್ಟಕ ಬಹಳ ಇಷ್ಟ; ಅಜ್ಜಿಯೊಬ್ಬಳು ಮನೆಯ ಜಾಗ ನೋಡಿ ಹೇಳುವ ಮಾತನ್ನು ಸರ್ಕಾರ ಅಂಕಿಯಲ್ಲಿ ಬರೆದಂತಿದೆ.

ಈ ಅನಾಹುತಗಳ ನಂತರ ಶಾಸ್ತ್ರದ ಭಾಷೆಯೇ ಬದಲಾಯಿತು. 2009ರ ಅಮೆರಿಕದ ಆಶ್ರೇ 160 ಎಂಬ ಮಾನಕದಲ್ಲಿ ಒಂದು ಸಾಲಿದೆ: ಬೇರೆ ಪರೀಕ್ಷೆಯ ಆಧಾರ ಇಲ್ಲದಿದ್ದರೆ, ಗೋಡೆಗೆ ಬಡಿಯುವ ಮಳೆಯಲ್ಲಿ ನೂರಕ್ಕೆ ಒಂದು ಪಾಲು ಹೊರಪದರ ದಾಟಿ ಒಳಗೆ ಬಂದೇ ಬರುತ್ತದೆ ಎಂದಿಟ್ಟುಕೊಂಡು ಲೆಕ್ಕ ಮಾಡಿ. ಗೋಡೆ ಸೋರುತ್ತದೆ ಎಂದು ಎಂಜಿನಿಯರುಗಳು ಬರಹದಲ್ಲಿ ಒಪ್ಪಿಕೊಂಡದ್ದು ಹೀಗೆ. ಆ ಲೆಕ್ಕ ಮಾಡಲು ಗ್ಲಾಸರನ ಎರಡು ಗೆರೆ ಸಾಲದು. ಬವೇರಿಯಾದ ಹೋಲ್ಟ್ಸ್‌ಕಿರ್ಶೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯ ಹಾರ್ಟ್‌ವಿಗ್ ಕ್ಯುನ್ಸೆಲ್ 1990ರ ದಶಕದ ಮಧ್ಯದಲ್ಲಿ ಕೊಟ್ಟ 'ವೂಫಿ' ಎಂಬ ಕಂಪ್ಯೂಟರ್ ಲೆಕ್ಕಾಚಾರ ಮಳೆ, ಬಿಸಿಲು, ಮರ ಹೀರುವ ನೀರು ಎಲ್ಲವನ್ನೂ ಗಂಟೆ ಗಂಟೆಗೆ ಹಿಂಬಾಲಿಸುತ್ತದೆ. ಅದೇ ಕ್ಯುನ್ಸೆಲ್ ಕಂಡುಹಿಡಿದದ್ದು ಪಾಲಿಥಿನ್‌ಗೆ ಬದಲಿಯಾದ ಒಂದು ತೆಳು ನೈಲಾನ್ ಹಾಳೆ. ಚಳಿಗಾಲದ ಒಣಗಾಳಿಯಲ್ಲಿ ಅದು ಮುಚ್ಚಿಕೊಂಡು ಒಂದು ಪರ್ಮ್‌ಗಿಂತ ಕಡಿಮೆ ಆವಿ ಬಿಡುತ್ತದೆ. ಬೇಸಿಗೆಯಲ್ಲಿ ಗೋಡೆಯೊಳಗೆ ತೇವ ಏರಿದಾಗ ಹತ್ತು ಪರ್ಮ್ ದಾಟುವಷ್ಟು ತೆರೆದುಕೊಳ್ಳುತ್ತದೆ. ಹಳೆಯ ಗಾರೆಗೋಡೆಯ ಉದಾರತೆಯ ಒಂದಂಶವನ್ನು ಕಾರ್ಖಾನೆಯಲ್ಲಿ ಮತ್ತೆ ತಯಾರಿಸಿದ ಹಾಗೆ.

ಇತ್ತೀಚಿನ ಅಮೆರಿಕದ ನಿಯಮಗಳು ಆವಿ ತಡೆಯನ್ನು ಮೂರು ದರ್ಜೆಗಳಾಗಿ ಒಡೆದು, ಯಾವ ಹವೆಗೆ ಯಾವುದು ಎಂದು ಹೇಳುತ್ತವೆ. ಬೆಚ್ಚಗಿನ ತೇವದ ನಾಡಿನಲ್ಲಿ ಒಳಗೆ ಪಾಲಿಥಿನ್ ಬೇಡ ಎಂಬುದು ಬಹಳ ತಡವಾಗಿ ಬಂದ ತಿಳಿವು. ಫ್ಲೋರಿಡಾದ ಹೋಟೆಲುಗಳಲ್ಲಿ ವಿನೈಲ್ ವಾಲ್‌ಪೇಪರ್ ಸುಲಿದಾಗ ಹಿಂದೆ ಕಂಡ ಕಪ್ಪು ಬೂಷ್ಟು ಅದನ್ನು ಕಲಿಸಿತು. ಹವಾನಿಯಂತ್ರಣದಿಂದ ತಣ್ಣಗಾದ ಕೋಣೆಯ ಗೋಡೆಗೆ ಆವಿ ಬರುವುದು ಹೊರಗಿನಿಂದ, ಮತ್ತು ಅಲ್ಲಿ ತಂಬಿಗೆ ಆ ವಾಲ್‌ಪೇಪರೇ.

ಈ ತಿರುವು ನಮ್ಮ ಕರಾವಳಿಗೂ ಮಲೆನಾಡಿಗೂ ನೇರವಾಗಿ ಸಂಬಂಧಿಸಿದ್ದು. ಸಕಲೇಶಪುರ, ಕೊಡಗಿನ ರೆಸಾರ್ಟುಗಳಲ್ಲಿ, ಮಂಗಳೂರಿನ ಕಚೇರಿಗಳಲ್ಲಿ ಈಗ ತೆಳು ಉಕ್ಕಿನ ಚೌಕಟ್ಟು, ಸಿಮೆಂಟ್ ಬೋರ್ಡು, ನಡುವೆ ಗಾಜಿನುಣ್ಣೆಯ ಗೋಡೆಗಳು ಏಳುತ್ತಿವೆ. ಉಕ್ಕು ಕೊಳೆಯುವುದಿಲ್ಲ, ಆದರೆ ತುಕ್ಕು ಹಿಡಿಯುತ್ತದೆ. ಜಿಪ್ಸಂ ಬೋರ್ಡಿನ ಕಾಗದಕ್ಕೆ ಬೂಷ್ಟು ಬರಲು ಮರವೇನೂ ಬೇಕಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಹೊರಗಿನ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸು. ಎಸಿ ಹಾಕಿದ ಕೋಣೆ 22 ಡಿಗ್ರಿ. ಕೆನಡಾದ ಚಳಿಗೆ ಬರೆದ ನಕ್ಷೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡು ಹಾಗೆಯೇ ಕಟ್ಟಿದರೆ ಒಳಬೋರ್ಡಿನ ಬೆನ್ನಿಗೆ ಹೊಡೆದ ಪಾಲಿಥಿನ್ ಹಾಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುತ್ತದೆ, ಕೋಣೆಯಲ್ಲಿ ಕೂತವರಿಗೆ ಕಾಣದ ಬದಿಯಲ್ಲಿ.